ಶೇಷಪರ್ವತದಿಂದ ಹಿಂದಿರುಗಿದ ದಿನ



ಶನಿವಾರ, ಭಾನುವಾರಗಳ ಜೊತೆಗೆ ಇನ್ನೊಂದು ರಜೆ ಕೂಡಿಕೊಂಡಿತೆಂದರೆ ನಿಮ್ಮಲ್ಲಿ ಹಲವರು ಬೆನ್ನಿಗೆ ಚೀಲ ಕಟ್ಟಿಕೊಂಡು ಗೆಳೆಯರೊಡನೆ ಬೆಟ್ಟ ಹತ್ತಲು ಹೊರಡುತ್ತೀರಿ. ಚಾರಣ ಎಂಬ ಚೆಂದದ ಹೆಸರು ಪಡೆದಿರುವ ಈ ಹವ್ಯಾಸ ನನಗೂ ಇಪ್ಪತ್ತು ವರ್ಷಗಳಿಂದ ಅಂಟಿಕೊಂಡಿದೆ. ಹತ್ತಿ ಬಂದವರು ಸಾಮಾನ್ಯವಾಗಿ ಶಿಖರದ ಕಥೆ ಹೇಳುತ್ತಾರೆ. ಇಂದು ನಾನು ಹೇಳಲಿರುವುದು ಶಿಖರ ಕಣ್ಣೆದುರಿಗೇ ಇದ್ದರೂ ಅದನ್ನು ಮುಟ್ಟದೆ ಹಿಂದಿರುಗಿದ ಒಂದು ದಿನದ ಕಥೆ. ಅದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಮುಚ್ಚಿಡದೆ ಹೇಳುವುದು ನಿಮಗೆ ಉಪಯೋಗವಾದೀತೆಂದು ನನ್ನ ನಂಬಿಕೆ.

2007ರ ಡಿಸೆಂಬರ್ ತಿಂಗಳು. ನನಗಾಗ ಇಪ್ಪತ್ತೆಂಟು ವರ್ಷ. ಬಿ.ಎಸ್‌ಸಿ. ಮುಗಿಸಿ ದೂರದರ್ಶನದ ಕೆಲಸಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ನಾವು ನಾಲ್ವರು ಗೆಳೆಯರು ಕುಮಾರಪರ್ವತಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಒಬ್ಬ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕ್ಯಾಮೆರಾಮನ್. ಇನ್ನಿಬ್ಬರು ನನ್ನ ಸಹಪಾಠಿಗಳು. ಅವರಲ್ಲಿ ಒಬ್ಬ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಅವನನ್ನು ನಾವು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಇನ್ನೊಬ್ಬ ಬ್ಯಾಂಕಿನಲ್ಲಿದ್ದ. ಮಾತು ಕಡಿಮೆ, ಯಾವ ಕೆಲಸ ಹೇಳಿದರೂ ಇಲ್ಲವೆನ್ನದ ಸ್ವಭಾವ. ಈ ಕಥೆ ಮುಖ್ಯವಾಗಿ ಅವನದು.

ಕುಮಾರಪರ್ವತಕ್ಕೆ ಪುಷ್ಪಗಿರಿ ಎಂಬ ಹೆಸರೂ ಇದೆ. ಎತ್ತರ 1,712 ಮೀಟರ್. ಕೊಡಗಿನ ಬೆಟ್ಟಗಳಲ್ಲಿ ತಡಿಯಂಡಮೋಳ್ ಮೊದಲನೆಯದಾದರೆ ಇದು ಎರಡನೆಯದು. ಸುತ್ತಲಿನ ಕಾಡು ಪುಷ್ಪಗಿರಿ ವನ್ಯಧಾಮ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟಗಳ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ವನ್ಯಧಾಮವೂ ಅದರಲ್ಲಿ ಸೇರಿತು. ಬೆಟ್ಟ ಹತ್ತಲು ಎರಡು ದಾರಿಗಳು. ಒಂದು ಸೋಮವಾರಪೇಟೆಯ ಕಡೆಯಿಂದ. ಇನ್ನೊಂದು ಕುಕ್ಕೆ ಸುಬ್ರಹ್ಮಣ್ಯದಿಂದ. ನಾವು ಆರಿಸಿಕೊಂಡದ್ದು ಎರಡನೆಯದು, ಕಷ್ಟದ್ದು.

ಅದು ಏಕೆ ಕಷ್ಟದ್ದೆಂಬುದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಸುಬ್ರಹ್ಮಣ್ಯ ಕ್ಷೇತ್ರ ಘಟ್ಟದ ಬುಡದಲ್ಲಿದೆ. ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರ ಅಷ್ಟೇ. ಆದ್ದರಿಂದ ನಡೆಯುವವನು ಸುಮಾರು 1,600 ಮೀಟರ್ ಎತ್ತರವನ್ನು ತನ್ನ ಕಾಲಿನಿಂದಲೇ ಏರಬೇಕು. ದೂರ ಹೋಗುವಾಗ ಹನ್ನೆರಡು ಕಿಲೋಮೀಟರಿನಷ್ಟು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಇಂದಿನ ಅಳತೆಯಲ್ಲಿ ಹೇಳುವುದಾದರೆ, ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಈ ಲೆಕ್ಕದಂತೆ ಕುಮಾರಪರ್ವತಕ್ಕೆ ಸುಮಾರು ಐದು ಗಂಟೆ. ಆದರೆ ಇದು ಗಟ್ಟಿಗನೊಬ್ಬ ಎಲ್ಲಿಯೂ ನಿಲ್ಲದೆ ನಡೆದರೆ. ಹೊರೆ, ಬಿಸಿಲು, ವಿಶ್ರಾಂತಿ ಎಲ್ಲ ಸೇರಿದರೆ ಏಳೆಂಟು ಗಂಟೆ ಇಟ್ಟುಕೊಳ್ಳಬೇಕು. ನಾವು ಎರಡು ದಿನಗಳ ಯೋಜನೆ ಹಾಕಿದ್ದೆವು. ಮೊದಲ ದಿನ ಅರ್ಧ ದಾರಿಯ ಗಿರಿಗದ್ದೆಯಲ್ಲಿ ಡೇರೆ. ಮರುದಿನ ಬೆಳಿಗ್ಗೆ ಶಿಖರ. ಸಂಜೆಯೊಳಗೆ ಮತ್ತೆ ಕೆಳಗೆ. ಯೋಜನೆ ಹಾಕಿದವನು ನಾನು. ಕೈಗಡಿಯಾರವೂ ನಕ್ಷೆಯೂ ನನ್ನ ಬಳಿ. ಹಾಗಾಗಿ ನಾಯಕ ನಾನೇ ಎಂಬ ಭಾವನೆ ಯಾರೂ ಕೊಡದಿದ್ದರೂ ನನಗೆ ಬಂದುಬಿಟ್ಟಿತ್ತು.

ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಬಸ್ಸು ಹತ್ತಿ ಶನಿವಾರ ಬೆಳಿಗ್ಗೆ ಸುಬ್ರಹ್ಮಣ್ಯದಲ್ಲಿ ಇಳಿದೆವು. ಕುಮಾರಧಾರೆಯಲ್ಲಿ ಸ್ನಾನ, ಇಡ್ಲಿ, ಚಹಾ ಎಂದು ತಡವಾಗಿ, ಕಾಡಿನ ದಾರಿ ಹಿಡಿಯುವಾಗ ಒಂಬತ್ತು ಗಂಟೆಯಾಗಿತ್ತು. ಸಾಮಾನು ಹಂಚಿಕೊಳ್ಳುವಾಗ ಡೇರೆಯ ಮೂಟೆಯನ್ನು ಬ್ಯಾಂಕಿನ ಗೆಳೆಯ ತಾನೇ ಎತ್ತಿಕೊಂಡ. ಅದೇ ಎಲ್ಲಕ್ಕಿಂತ ಭಾರದ್ದು. ಯಾರೂ ಬೇಡವೆನ್ನಲಿಲ್ಲ.

ದಾರಿಯ ಮೊದಲ ಭಾಗ ದಟ್ಟವಾದ ಮಳೆಕಾಡು. ಮೇಲೆ ಬಿಸಿಲಿದ್ದರೂ ಕೆಳಗೆ ನೆರಳು. ಆದರೆ ಗಾಳಿ ಅಲುಗದು. ಹೆಜ್ಜೆಗೊಂದು ಬೇರು, ಹೆಜ್ಜೆಗೊಂದು ಕಲ್ಲು. ಹೊರಟ ಹತ್ತೇ ನಿಮಿಷಕ್ಕೆ ಅಂಗಿ ಒದ್ದೆ. ಆಗ ನಾನು ತಮಾಷೆಗಾಗಿ ಒಂದು ನಿಯಮ ಮಾಡಿದೆ: ಪ್ರತಿ ನಿಲುಗಡೆಗೂ ಯಾರು ಕೊನೆಗೆ ಬರುತ್ತಾರೋ ಅವರು ರಾತ್ರಿ ಪಾತ್ರೆ ತೊಳೆಯಬೇಕು. ಎಲ್ಲರೂ ನಕ್ಕರು. ನಡಿಗೆ ಓಟವಾಯಿತು. ಭೀಮನ ಬಂಡೆ ಎಂಬಲ್ಲಿ ನಾವು ಮೂವರು ಮೊದಲು ಬಂದು ಕುಳಿತೆವು. ಐದು ನಿಮಿಷದ ಮೇಲೆ ಡೇರೆ ಹೊತ್ತವನು ಬಂದ. 'ಪಾತ್ರೆ ನಿಂದೇ ಕಣೋ' ಎಂದು ನಾನು ಕೂಗಿದೆ, ಮತ್ತೆ ನಗು. ಅವನೂ ನಕ್ಕ. ಕುಳಿತು ನೀರು ಕುಡಿಯಲು ಬಾಟಲಿಗೆ ಕೈ ಹಾಕುವಷ್ಟರಲ್ಲಿ ನಾವು ಎದ್ದು ನಿಂತಿದ್ದೆವು. ಅವನು ಬಾಟಲಿಯನ್ನು ಮತ್ತೆ ಚೀಲಕ್ಕೆ ಸೇರಿಸಿ ಎದ್ದ. ನಮಗೆ ಹತ್ತು ನಿಮಿಷದ ವಿಶ್ರಾಂತಿ ಸಿಕ್ಕಿತ್ತು. ಹೆಚ್ಚು ಭಾರ ಹೊತ್ತವನಿಗೆ ಒಂದು ನಿಮಿಷ. ಇದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ.

ಆ ದಾರಿಯಲ್ಲೇ ತಲೆಯ ಮೇಲೆ ಅಕ್ಕಿ ಮೂಟೆ ಹೊತ್ತ ಹಿರಿಯರೊಬ್ಬರು ಸಿಕ್ಕಿದ್ದರು. ಅರವತ್ತು ದಾಟಿದ ವಯಸ್ಸು, ಬರಿಗಾಲು. ಅವರನ್ನು ನಾವು ಹಿಂದೆ ಹಾಕಿ ಮುಂದೆ ಹೋಗುತ್ತಿದ್ದೆವು. ನಾವು ಏದುಸಿರು ಬಿಡುತ್ತ ಕುಳಿತಾಗ ಅವರು ಅದೇ ಹೆಜ್ಜೆಯಲ್ಲಿ ನಮ್ಮನ್ನು ದಾಟುತ್ತಿದ್ದರು. ಮೂರನೆಯ ಸಲ ದಾಟುವಾಗ ನಕ್ಕು ಹೇಳಿದರು: 'ಓಡಿದ್ರೆ ಕೂತ್ಕೊಳ್ಬೇಕಾಗ್ತದೆ ಮಾರಾಯ್ರೆ. ನಡೆದ್ರೆ ಕೂತ್ಕೊಳ್ಳುದು ಬೇಡ.' ನಮಗೆ ಅದು ಒಳ್ಳೆಯ ಮಾತೆನ್ನಿಸಿತು. ಆದರೆ ಪಾಲಿಸಲಿಲ್ಲ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಬೇಕು. ನೀವು ತರಗತಿಯಲ್ಲಿ ಓದಿರುತ್ತೀರಿ: ವಸ್ತುವನ್ನು ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಎಂದರೆ ಅದರ ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರ ಇವುಗಳ ಗುಣಲಬ್ಧ. 70 ಕಿಲೋಗ್ರಾಂ ತೂಕದ ವ್ಯಕ್ತಿ 1,600 ಮೀಟರ್ ಏರಿದರೆ ಸುಮಾರು 11 ಲಕ್ಷ ಜೌಲ್, ಅಂದರೆ 260 ಕಿಲೋಕ್ಯಾಲರಿ. ಇಷ್ಟೇನಾ ಎನ್ನಿಸಬಹುದು. ಆದರೆ ನಮ್ಮ ಸ್ನಾಯುಗಳು ಅಷ್ಟೇನೂ ಒಳ್ಳೆಯ ಯಂತ್ರಗಳಲ್ಲ. ಖರ್ಚಾದ ಶಕ್ತಿಯ ಕಾಲು ಭಾಗ ಮಾತ್ರ ಕೆಲಸವಾಗುತ್ತದೆ; ಉಳಿದ ಮುಕ್ಕಾಲು ಭಾಗ ಶಾಖವಾಗುತ್ತದೆ. ಹಾಗಾಗಿ ಮೈ ಸಾವಿರಕ್ಕೂ ಹೆಚ್ಚು ಕಿಲೋಕ್ಯಾಲರಿ ವ್ಯಯಿಸಬೇಕು. ಅದರಲ್ಲಿ ಎಂಟು ನೂರರಷ್ಟು ಕಿಲೋಕ್ಯಾಲರಿ ಶಾಖವನ್ನು ಹೊರಗೆ ಹಾಕಬೇಕು. ಹಾಕದಿದ್ದರೆ ಮೈ ಕಾದು ಹೋಗುತ್ತದೆ.

ಶಾಖ ಹೊರಹೋಗಲು ಮುಖ್ಯ ದಾರಿ ಬೆವರು. ಚರ್ಮದ ಮೇಲೆ ಒಂದು ಲೀಟರ್ ಬೆವರು ಆರಿದರೆ ಅದು ತನ್ನೊಡನೆ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಹಾಗಾದರೆ ಏರುವ ಕೆಲಸಕ್ಕೇ ಒಂದೂಕಾಲು ಲೀಟರಿಗಿಂತ ಹೆಚ್ಚು ಬೆವರು ಆರಬೇಕು. ಆರಬೇಕು ಎಂಬ ಮಾತನ್ನು ಗಮನಿಸಿ. ನೆಲಕ್ಕೆ ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ತೇವ ತುಂಬಿದ, ಗಾಳಿಯಾಡದ ಕಾಡಿನಲ್ಲಿ ಬೆವರು ಆರುವುದು ನಿಧಾನ. ಆದ್ದರಿಂದ ಮೈ ಇನ್ನೂ ಇನ್ನೂ ಬೆವರುತ್ತದೆ, ನೀರೂ ಉಪ್ಪೂ ವ್ಯರ್ಥವಾಗಿ ಸೋರಿಹೋಗುತ್ತವೆ. ಬೆನ್ನಿನ ಮೇಲೆ ಹತ್ತು ಕಿಲೋ ಹೊರೆಯಿದ್ದರೆ ಲೆಕ್ಕ ಇನ್ನೂ ಏರುತ್ತದೆ. ಕಷ್ಟದ ಏರಿನಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ಬೆವರು ಹೋಗಬಹುದು. ನಮ್ಮ ಗೆಳೆಯನ ಬಾಟಲಿ ಹಿಡಿಯುತ್ತಿದ್ದದ್ದು ಒಂದು ಲೀಟರ್. ಅದರಲ್ಲಿ ಅರ್ಧ ಗಿರಿಗದ್ದೆ ತಲುಪುವಾಗಲೂ ಉಳಿದಿತ್ತು.

ಮಧ್ಯಾಹ್ನ ಎರಡರ ಹೊತ್ತಿಗೆ ಕಾಡು ಮುಗಿದು ಬಯಲು ಕಂಡಿತು. ಗಿರಿಗದ್ದೆಯಲ್ಲಿ ಚಾರಣಿಗರಿಗೆ ಊಟ ಹಾಕುವ ಮನೆಯಲ್ಲಿ ಅನ್ನ, ಸಾಂಬಾರು, ಮಜ್ಜಿಗೆ. ಮೂವರು ಮತ್ತೆ ಮತ್ತೆ ಬಡಿಸಿಕೊಂಡು ತಿಂದೆವು. ನಾಲ್ಕನೆಯವನು ಎರಡು ತುತ್ತು ತಿಂದು 'ಹಸಿವಿಲ್ಲ' ಎಂದ. ಬೆಳಗಿನ ಇಡ್ಲಿ ಹೆಚ್ಚಾಗಿರಬೇಕು ಎಂದುಕೊಂಡೆವು. ಅರಣ್ಯ ಇಲಾಖೆಯ ಠಾಣೆಯಲ್ಲಿ ಹೆಸರು ಬರೆಸಿ, ಅವರು ತೋರಿಸಿದ ಜಾಗದಲ್ಲಿ ಡೇರೆ ಹಾಕಿದೆವು.

ಆ ಸಂಜೆಯನ್ನೂ ಆ ರಾತ್ರಿಯನ್ನೂ ಈಗಲೂ ಮರೆತಿಲ್ಲ. ಆರು ಗಂಟೆಯ ಸುಮಾರಿಗೆ ಸೂರ್ಯ ಪಡುವಣದ ಬೆಟ್ಟಗಳ ಹಿಂದೆ ಇಳಿದ. ಕತ್ತಲಾದ ಮೇಲೆ ಮೂಡಣದಲ್ಲಿ ಕೆಂಡದಂತೆ ಮಂಗಳ ಗ್ರಹ ಕಂಡಿತು. ಆ ತಿಂಗಳಲ್ಲಿ ಅದು ಭೂಮಿಗೆ ಸಮೀಪ ಬಂದಿತ್ತು. ಅರೆಬಿಂಬದ ಚಂದ್ರ ಮುಳುಗಿದ ಮೇಲೆ ನಕ್ಷತ್ರಗಳು ಎಷ್ಟೆಂದರೆ, ಬೆಂಗಳೂರಿನಲ್ಲಿ ಗುರುತಿಸುತ್ತಿದ್ದ ನಕ್ಷತ್ರಪುಂಜಗಳನ್ನು ಹುಡುಕುವುದೇ ಕಷ್ಟವಾಯಿತು. ಡಿಸೆಂಬರ್ ಮಧ್ಯದಲ್ಲಿ ಪ್ರತಿ ವರ್ಷವೂ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಬೀಳುತ್ತವೆ. ಮೇಷ್ಟ್ರು ಹುಲ್ಲಿನ ಮೇಲೆ ಮಲಗಿ ಎಣಿಸತೊಡಗಿದ. ಬ್ಯಾಂಕಿನ ಗೆಳೆಯ ಮಾತ್ರ ಡೇರೆಯೊಳಗಿದ್ದ. 'ತಲೆನೋವು, ಮಲಗ್ತೀನಿ' ಎಂದಿದ್ದ. ಅದಕ್ಕೂ ಮುಂಚೆ, ತಣ್ಣೀರಿನಲ್ಲಿ ಕೈಯದ್ದಿ ಪಾತ್ರೆಗಳನ್ನೆಲ್ಲ ತೊಳೆದಿಟ್ಟಿದ್ದ. ನಾನು ತಡೆಯಲಿಲ್ಲ.

ಭಾನುವಾರ ಬೆಳಗಿನ ಜಾವ ಟಾರ್ಚು ಹಿಡಿದು ಹೊರಟೆವು. ಡೇರೆ, ಸಾಮಾನುಗಳನ್ನು ಕೆಳಗೇ ಬಿಟ್ಟಿದ್ದರಿಂದ ಹೊರೆ ಹಗುರ. ಬೆಳಕು ಹರಿದಾಗ ಕೆಳಗಿನ ಕಣಿವೆ ಹಾಲು ತುಂಬಿದ ಕೆರೆಯಂತೆ ಕಾಣುತ್ತಿತ್ತು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿದು ಕಣಿವೆಯಲ್ಲಿ ನಿಲ್ಲುತ್ತದೆ. ಅಲ್ಲಿ ಮಂಜು ಕಟ್ಟುತ್ತದೆ. ಏಣಿನ ಮೇಲೆ ನಿಂತವನಿಗೆ ಆಕಾಶ ನಿಚ್ಚಳ. ಮೇಲೆಲ್ಲ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ಈ ಹುಲ್ಲು ಮತ್ತು ಈ ಕಾಡು ಮಳೆಗಾಲದ ನೀರನ್ನು ಹಿಡಿದಿಟ್ಟು ಮೆಲ್ಲನೆ ಬಿಡುತ್ತವೆ. ಹಿಂದಿನ ದಿನ ನಾವು ಮಿಂದ ಕುಮಾರಧಾರೆ ಈ ಬೆಟ್ಟಗಳಲ್ಲೇ ಹುಟ್ಟಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನ ಬಳಿ ಸಮುದ್ರ ಮುಟ್ಟುತ್ತದೆ. ಇಂಥ ನದಿಯ ತವರಿನಲ್ಲಿ ನಮ್ಮವನೊಬ್ಬ ನೀರಿಲ್ಲದೆ ಬಳಲುತ್ತಿದ್ದ. ಬಾಟಲಿ ತುಂಬಿತ್ತು, ಆದರೆ ಅವನು ಕುಡಿಯುತ್ತಿರಲಿಲ್ಲ. ವಾಕರಿಕೆ ಬರುತ್ತಿದ್ದದ್ದರಿಂದ ನೀರು ಸೇರುತ್ತಿರಲಿಲ್ಲ. ಹಾಗೆಂದು ಹೇಳಿಕೊಳ್ಳಲು ನಾಚಿಕೆ. ಆ ಬೆಳಿಗ್ಗೆ ಅವನ ಹೊಟ್ಟೆಗೆ ಹೋದದ್ದು ಅರ್ಧ ಲೋಟ ಚಹಾ ಮಾತ್ರ.

ಕಲ್ಲುಮಂಟಪ ದಾಟಿ ಶೇಷಪರ್ವತದ ಏರು ಹಿಡಿದೆವು. ಬಿಸಿಲು ಏರಿತು. ಎತ್ತರಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಸೆಲ್ಷಿಯಸ್. ಆದ್ದರಿಂದ ಬಿಸಿಲು ಸುಡುತ್ತಿದ್ದರೂ ಗಾಳಿ ಹಿತವಾಗಿರುತ್ತದೆ. ಒಣಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗದಂತೆ ಆರಿಬಿಡುತ್ತದೆ. ಬಾಯಾರಿಕೆ ಕಡಿಮೆ, ನಷ್ಟ ಮಾತ್ರ ಕಡಿಮೆಯಲ್ಲ. ಬೆಟ್ಟದಲ್ಲಿ ಮೋಸ ಹೋಗುವುದು ಹೀಗೆ.

ಒಂಬತ್ತು ಗಂಟೆಗೆ ನಾನೂ ಕ್ಯಾಮೆರಾಮನ್ ಗೆಳೆಯನೂ ಶೇಷಪರ್ವತದ ನೆತ್ತಿಯಲ್ಲಿದ್ದೆವು. ಎದುರಿಗೆ ಒಂದು ಇಳಿಜಾರು, ಒಂದು ತುಂಡು ಕಾಡು, ಅದರಾಚೆ ಬಂಡೆಯ ಏರು. ಅದರ ಮೇಲೆ ಕುಮಾರಪರ್ವತ. ಹೆಚ್ಚೆಂದರೆ ಒಂದು ಗಂಟೆಯ ದಾರಿ. ನಾನು ಹಿಂದಿರುಗಿ ನೋಡಿದೆ. ಕೆಳಗೆ ಮೇಷ್ಟ್ರು ಕೈ ಬೀಸುತ್ತಿದ್ದ. ಅವನ ಪಕ್ಕದಲ್ಲಿ ನಮ್ಮ ಗೆಳೆಯ ಹುಲ್ಲಿನ ಮೇಲೆ ಕುಳಿತಿದ್ದ.

ಇಳಿದು ಬಂದೆವು. ಅವನು ವಾಂತಿ ಮಾಡಿದ್ದ. ಎರಡೂ ಮೀನಖಂಡಗಳು ಸೆಳೆತದಿಂದ ಗಂಟು ಕಟ್ಟಿದ್ದವು. ತುಟಿ ಒಣಗಿತ್ತು. ಆದರೂ 'ಏನೂ ಆಗಿಲ್ಲ, ಐದು ನಿಮಿಷ ಕೂತು ಬರ್ತೀನಿ, ನೀವು ಹೋಗಿ ಬನ್ನಿ' ಎಂದ. ಮಿತ್ರರೇ, ಆಗ ನಾನು ಆಡಿದ ಮಾತನ್ನು ಇಂದಿಗೂ ನೆನೆಸಿಕೊಂಡು ತಲೆ ತಗ್ಗಿಸುತ್ತೇನೆ. 'ಒಬ್ಬರು ಇವನ ಜೊತೆ ಇರಲಿ. ಇಬ್ಬರು ಹೋಗಿ ಎರಡು ಗಂಟೆಯಲ್ಲಿ ಬಂದುಬಿಡೋಣ. ಇಷ್ಟು ದೂರ ಬಂದು ಬಿಡೋದಾ?' ಎಂದೆ. ಅವನು ಹೋಗಿ ಬನ್ನಿ ಎಂದದ್ದನ್ನೇ ಅನುಮತಿ ಎಂದುಕೊಂಡೆ. ನಮ್ಮ ಮನಸ್ಸು ಬಯಸಿದ್ದನ್ನೇ ಎದುರಿನವನೂ ಹೇಳಿದರೆ, ಅವನು ಏಕೆ ಹಾಗೆ ಹೇಳಿದ ಎಂದು ನಾವು ಕೇಳುವುದಿಲ್ಲ.

ಮೇಷ್ಟ್ರು ನನಗೆ ಉತ್ತರ ಕೊಡಲಿಲ್ಲ. ಗೆಳೆಯನ ಎದುರು ಮಂಡಿಯೂರಿ ಕುಳಿತು ಕೇಳಿದ: 'ಇವತ್ತು ಯಾವ ವಾರ, ಹೇಳು.'

ಅವನು ಸ್ವಲ್ಪ ಯೋಚಿಸಿ ಹೇಳಿದ: 'ಶನಿವಾರ.'

ಬ್ಯಾಂಕಿನಲ್ಲಿ ದಿನವಿಡೀ ತಾರೀಖು ಬರೆಯುವವನು. ಮೇಷ್ಟ್ರು ಎದ್ದು ನಿಂತು, 'ಇಳಿಯೋಣ, ನಾಲ್ಕೂ ಜನ' ಎಂದ. ಯಾರೂ ಚರ್ಚೆ ಮಾಡಲಿಲ್ಲ.

ಮೈಯಿಂದ ನೀರೂ ಉಪ್ಪೂ ಹೋದಾಗ ರಕ್ತದ ಪ್ರಮಾಣ ಕುಗ್ಗುತ್ತದೆ. ಹೃದಯ ವೇಗವಾಗಿ ಬಡಿದುಕೊಳ್ಳುತ್ತದೆ. ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ಸ್ನಾಯು ಸೆಳೆತ ಇವು ಮೊದಲ ಎಚ್ಚರಿಕೆಗಳು. ಇವನ್ನು ಕಡೆಗಣಿಸಿದರೆ ಮಂಕು ಕವಿಯುತ್ತದೆ, ಮಾತು ತಪ್ಪುತ್ತದೆ. ಈ ಹಂತಕ್ಕೆ ಬಂದವರನ್ನು ಒಂಟಿಯಾಗಿ ಬಿಡಲೇಬಾರದು. ಬೇಗನೆ ವೈದ್ಯರ ಬಳಿಗೆ ಒಯ್ಯಬೇಕು. ಏಕೆಂದರೆ ತನಗೆ ಏನಾಗುತ್ತಿದೆ ಎಂದು ತಿಳಿಯಬೇಕಾದ ಬುದ್ಧಿಯೇ ಆಗ ಮಂಕಾಗಿರುತ್ತದೆ. ನಮ್ಮ ಗೆಳೆಯನ ಮೈ ಶನಿವಾರ ಮಧ್ಯಾಹ್ನದಿಂದಲೇ ಒಂದೊಂದಾಗಿ ಈ ಸೂಚನೆಗಳನ್ನು ಕೊಟ್ಟಿತ್ತು. ನಾವು ನಾಲ್ವರಲ್ಲಿ ಮೂವರು ವಿಜ್ಞಾನ ಓದಿದವರು. ಪುಸ್ತಕದಲ್ಲಿ ಓದಿದ್ದು ಪಕ್ಕದಲ್ಲಿ ಕುಳಿತವನ ಮುಖದ ಮೇಲೆ ಕಾಣಿಸಿಕೊಂಡಾಗ ಗುರುತಿಸಲಾರದೆ ಹೋದೆವು.

ಕಲ್ಲುಮಂಟಪದವರೆಗೆ ಅವನ ತೋಳು ಹಿಡಿದು ಇಳಿಸಿದೆವು. ನೆರಳಿನಲ್ಲಿ ಮಲಗಿಸಿ ಕಾಲುಗಳನ್ನು ಚೀಲದ ಮೇಲೆ ಎತ್ತಿ ಇಟ್ಟೆವು. ಓ.ಆರ್.ಎಸ್. ಪೊಟ್ಟಣ ನಮ್ಮಲ್ಲಿ ಇರಲಿಲ್ಲ. ಆದರೆ ಚಹಾಕ್ಕೆಂದು ತಂದ ಸಕ್ಕರೆ, ಸೌತೆಕಾಯಿಗೆಂದು ಕಟ್ಟಿಕೊಂಡ ಉಪ್ಪು ಇದ್ದವು. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಎರಡೂ ಸಮತಟ್ಟಾದ ಅಳತೆ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಈ ಪಾನೀಯವನ್ನು ನೀವೂ ನೆನಪಿಡಿ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಜೊತೆಯಾಗಿ ಹೀರಲ್ಪಡುತ್ತವೆ. ಅವುಗಳ ಹಿಂದೆಯೇ ನೀರೂ ಒಳಕ್ಕೆ ಹೋಗುತ್ತದೆ. ಬರಿಯ ನೀರಿಗಿಂತ ಇದು ಬೇಗ ಕೆಲಸ ಮಾಡಲು ಕಾರಣ ಇದೇ. ಒಮ್ಮೆಗೇ ಕುಡಿಸಿದರೆ ವಾಂತಿಯಾದೀತೆಂದು ಮೇಷ್ಟ್ರು ಎರಡು ನಿಮಿಷಕ್ಕೊಮ್ಮೆ ಒಂದೊಂದು ಗುಟುಕು ಕೊಟ್ಟ. ನಾನು ಗಡಿಯಾರ ನೋಡಿ ಹೇಳುತ್ತಿದ್ದೆ. ಆ ಎರಡು ದಿನಗಳಲ್ಲಿ ಆ ಗಡಿಯಾರದಿಂದ ಆದ ಒಳ್ಳೆಯ ಉಪಯೋಗ ಅದೊಂದೇ.

ಮುಕ್ಕಾಲು ಗಂಟೆಯಲ್ಲಿ ಅವನ ಕಣ್ಣು ತಿಳಿಯಾಯಿತು. 'ಇವತ್ತು ಭಾನುವಾರ ಅಲ್ವೇನೋ' ಎಂದು ತಾನಾಗಿಯೇ ಕೇಳಿದ. ಮೇಷ್ಟ್ರು ಮುಖ ಆಚೆ ತಿರುಗಿಸಿಕೊಂಡ. ನಿಧಾನವಾಗಿ ಗಿರಿಗದ್ದೆಗೆ ಬಂದು, ಗಂಜಿ, ಮಜ್ಜಿಗೆ ಕುಡಿಸಿ, ವಿಶ್ರಾಂತಿ ಕೊಟ್ಟು, ಅವನ ಬೆನ್ನ ಮೇಲೆ ಏನೂ ಇಲ್ಲದಂತೆ ಮಾಡಿ ಕಾಡು ಇಳಿದೆವು. ಈ ಸಲ ಅವನು ಮುಂದೆ, ನಾವು ಹಿಂದೆ. ಡೇರೆ ನನ್ನ ಬೆನ್ನಿನ ಮೇಲಿತ್ತು. ಅದರ ಭಾರ ಎಷ್ಟೆಂದು ಆಗ ತಿಳಿಯಿತು. ಸುಬ್ರಹ್ಮಣ್ಯದಲ್ಲಿ ವೈದ್ಯರೊಬ್ಬರಿಗೆ ತೋರಿಸಿದೆವು. ಎಲ್ಲ ವಿಚಾರಿಸಿ ಅವರು ಹೇಳಿದ್ದು ಒಂದೇ ಮಾತು: 'ಇನ್ನೂ ಮೇಲಕ್ಕೆ ಹೋಗಿದ್ದರೆ ನೀವು ಇವರನ್ನು ಹೊತ್ತುಕೊಂಡು ಬರಬೇಕಾಗುತ್ತಿತ್ತು.' ಆ ದಾರಿಯಲ್ಲಿ ಆಗ ಮೊಬೈಲಿಗೆ ಸಂಪರ್ಕವೂ ಸಿಗುತ್ತಿರಲಿಲ್ಲ ಎಂಬುದನ್ನು ನೀವು ಸೇರಿಸಿಕೊಂಡು ಯೋಚಿಸಿ.

ರಾತ್ರಿಯ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕುಳಿತಿದ್ದ. ಗುಂಡ್ಯ ದಾಟಿ ಘಟ್ಟ ಹತ್ತುವಾಗ ಕೇಳಿದೆ: 'ಯಾಕೋ ಮೊದಲೇ ಹೇಳಲಿಲ್ಲ?'

'ಭೀಮನ ಬಂಡೆ ಹತ್ತಿರ ಹೇಳೋಣ ಅಂತಿದ್ದೆ ಕಣೋ. ನೀವೆಲ್ಲ ನಕ್ಕಿರಿ. ಸುಮ್ಮನಾದೆ' ಎಂದ. ಕೋಪವಿಲ್ಲದ ದನಿ. ಅದಕ್ಕೇ ಹೆಚ್ಚು ನೋವಾಯಿತು.

ನನಗೆ ಅರ್ಥವಾದದ್ದು ಇದು. ಒಂದು ಗುಂಪಿನಲ್ಲಿ 'ನನ್ನಿಂದ ಆಗುತ್ತಿಲ್ಲ' ಎಂದು ಹೇಳಲು ಧೈರ್ಯ ಬೇಕು, ನಿಜ. ಆದರೆ ಆ ಧೈರ್ಯವನ್ನು ಹೇಳುವವನೊಬ್ಬನಿಂದಲೇ ನಿರೀಕ್ಷಿಸುವುದು ಅನ್ಯಾಯ. ಹೇಳಿದರೆ ನಗುವುದಿಲ್ಲ ಎಂಬ ಭರವಸೆಯನ್ನು ಉಳಿದವರು ಮೊದಲೇ ಕೊಟ್ಟಿರಬೇಕು. ನಾನು ಮಾಡಿದ ಪಾತ್ರೆ ತೊಳೆಯುವ ನಿಯಮ ಬರಿಯ ತಮಾಷೆ. ಆದರೆ ಅದು ಹಿಂದೆ ಬೀಳುವುದನ್ನು ಅವಮಾನವನ್ನಾಗಿ ಮಾಡಿತು. ಅವಮಾನವಾಗುವ ಕಡೆ ಯಾರೂ ನಿಜ ಹೇಳುವುದಿಲ್ಲ. ನನ್ನ ವೃತ್ತಿಯಲ್ಲಿಯೂ ಇದನ್ನು ಕಂಡಿದ್ದೇನೆ. ಹೊರಾಂಗಣ ಚಿತ್ರೀಕರಣದಲ್ಲಿ ಬ್ಯಾಟರಿ ಮುಗಿಯುತ್ತಿದೆ ಎಂದು ಕಿರಿಯ ಸಹಾಯಕನೊಬ್ಬನಿಗೆ ಗೊತ್ತಿರುತ್ತದೆ. ಬೈಯ್ದಾರೆಂಬ ಭಯದಿಂದ ಹೇಳುವುದಿಲ್ಲ. ಮುಖ್ಯ ಸಂದರ್ಶನದ ನಡುವೆ ಕ್ಯಾಮೆರಾ ನಿಲ್ಲುತ್ತದೆ. ತಪ್ಪು ಅವನೊಬ್ಬನದೇ ಅಲ್ಲ. ಪಾಠ ಅರ್ಥವಾಗದಿದ್ದರೂ ತಲೆಯಾಡಿಸುವ ವಿದ್ಯಾರ್ಥಿಗಳು ನಿಮ್ಮ ತರಗತಿಯಲ್ಲಿಯೂ ಇರುತ್ತಾರೆ. ಅವರು ಕೇಳಿದಾಗ ನಕ್ಕವರು ಯಾರೆಂದು ನೀವೇ ನೆನಪಿಸಿಕೊಳ್ಳಿ.

ಆ ಮೇಲೆ ನಾವು ನಾಲ್ವರು ನಮಗಾಗಿ ನಾಲ್ಕು ನಿಯಮ ಮಾಡಿಕೊಂಡೆವು. ಒಂದು, ನಿಧಾನವಾಗಿ ನಡೆಯುವವನೇ ಎಲ್ಲರಿಗಿಂತ ಮುಂದೆ. ಅವನ ಹೆಜ್ಜೆಯೇ ಗುಂಪಿನ ಹೆಜ್ಜೆ. ಕೊನೆಯವನು ಬಂದು ಕುಳಿತ ಮೇಲೆಯೇ ವಿಶ್ರಾಂತಿಯ ಲೆಕ್ಕ. ಎರಡು, ಬಾಯಾರಲಿ ಬಿಡಲಿ, ಅರ್ಧ ಗಂಟೆಗೊಮ್ಮೆ ಎಲ್ಲರೂ ನಿಂತು ನಾಲ್ಕು ಗುಟುಕು ನೀರು ಕುಡಿಯಬೇಕು. ಜೊತೆಗೆ ಏನಾದರೂ ಉಪ್ಪಿನದು ಬಾಯಿಗೆ ಹಾಕಿಕೊಳ್ಳಬೇಕು. ಮೂರು, ಹಿಂದಿರುಗುವ ಗಂಟೆಯನ್ನು ಹೊರಡುವ ಮೊದಲೇ ನಿಗದಿ ಮಾಡಬೇಕು; ಆ ಗಂಟೆ ಬಂದಾಗ ಶಿಖರ ಹತ್ತು ಹೆಜ್ಜೆಯಲ್ಲಿದ್ದರೂ ಇಳಿಯಬೇಕು. ಏಕೆಂದರೆ ಹತ್ತುವುದು ದಾರಿಯ ಅರ್ಧ ಮಾತ್ರ. ದಣಿದ ಕಾಲು, ಕವಿಯುವ ಕತ್ತಲು ಇರುವುದು ಇಳಿಯುವ ಅರ್ಧದಲ್ಲಿ. ನಾಲ್ಕು, ಯಾರೇ ಆಗಲಿ 'ತಿರುಗೋಣ' ಎಂದರೆ ಕಾರಣ ಕೇಳದೆ ತಿರುಗಬೇಕು. ಕಾರಣವನ್ನು ಊರಿಗೆ ಬಂದ ಮೇಲೆ ಕೇಳಬಹುದು.

ಮರುವರ್ಷ ಅದೇ ನಾಲ್ವರು ಅದೇ ದಾರಿಯಲ್ಲಿ ಹೋದೆವು. ಹೊರೆ ಸಮನಾಗಿ ಹಂಚಿಕೊಂಡಿದ್ದೆವು. ಬ್ಯಾಂಕಿನ ಗೆಳೆಯ ಮುಂದೆ. ಅಕ್ಕಿ ಮೂಟೆಯ ಹಿರಿಯರ ಹಾಗೆ ಒಂದೇ ಸಮನೆ ನಡೆದ. ನಮ್ಮ ಹಳೆಯ ಓಟಕ್ಕಿಂತ ಅರ್ಧ ಗಂಟೆ ಮೊದಲೇ ಗಿರಿಗದ್ದೆ ತಲುಪಿದೆವು! ಮರುದಿನ ಶಿಖರದ ಮೇಲೆ ನಾಲ್ವರೂ ನಿಂತೆವು. ಅಲ್ಲಿ ಜನ ಪೇರಿಸಿಟ್ಟ ಕಲ್ಲಿನ ರಾಶಿಗಳಿವೆ. ಗಾಳಿ ಜೋರಾಗಿತ್ತು. ನಿಜ ಹೇಳುತ್ತೇನೆ, ಬಹಳ ಸಂತೋಷವಾಯಿತು. ಆದರೆ ಇಷ್ಟು ವರ್ಷಗಳ ಬಳಿಕ ನನ್ನ ನೆನಪಿಗೆ ಬರುವುದು ಆ ಶಿಖರಕ್ಕಿಂತ ಹೆಚ್ಚಾಗಿ ಕಲ್ಲುಮಂಟಪದ ನೆರಳು, ಆ ಸಕ್ಕರೆ ಉಪ್ಪಿನ ನೀರು.

ಕೊನೆಯದಾಗಿ ಒಂದು ಸೂಚನೆ. ನಾವು ಅಂದು ಮಾಡಿದ್ದನ್ನೆಲ್ಲ ಇಂದೂ ಮಾಡಬಹುದೆಂದು ಭಾವಿಸಬೇಡಿ. 2024ರ ಜನವರಿಯ ಕೊನೆಯಲ್ಲಿ ಒಂದು ರಜಾದಿನದಂದು ಕುಮಾರಪರ್ವತದ ಈ ಕಿರಿದಾದ ದಾರಿಯಲ್ಲಿ ಒಮ್ಮೆಗೇ ಭಾರಿ ಜನಸಂದಣಿ ಸೇರಿತು. ಅದಾದ ಮೇಲೆ ಚಾರಣವನ್ನು ಕೆಲಕಾಲ ನಿಲ್ಲಿಸಲಾಯಿತು. ಬಳಿಕ ಮುಂಗಡ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂದವು. ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಶಿಖರದ ಮೇಲೆ ರಾತ್ರಿ ತಂಗುವಂತಿಲ್ಲ. ಆದ್ದರಿಂದ ಅರಣ್ಯ ಇಲಾಖೆಯ ನಿಯಮ ತಿಳಿದು, ಅನುಮತಿ ಪಡೆದು, ಎಲ್ಲಿಗೆ ಹೋಗುತ್ತೇವೆ, ಎಷ್ಟು ಗಂಟೆಗೆ ಬರುತ್ತೇವೆ ಎಂದು ಮನೆಯಲ್ಲಿ ತಿಳಿಸಿ ಹೊರಡಿ. ಒಯ್ದ ಪ್ಲಾಸ್ಟಿಕ್ಕನ್ನು ಮರಳಿ ತನ್ನಿ. ಒಣಹುಲ್ಲಿನ ಬಳಿ ಬೆಂಕಿ ಮಾಡಬೇಡಿ.

ಗೆಳೆಯರೊಡನೆ ಬೆಟ್ಟಕ್ಕೆ ಖಂಡಿತ ಹೋಗಿ. ಹೊರಡುವ ಮುನ್ನ ಚೀಲಗಳನ್ನು ಒಮ್ಮೆ ಎತ್ತಿ ನೋಡಿ, ಭಾರದ್ದು ಯಾರ ಬೆನ್ನಿನ ಮೇಲಿದೆ ಎಂದು ತಿಳಿದುಕೊಳ್ಳಿ. ದಾರಿಯಲ್ಲಿ ಯಾರಾದರೂ ಮೌನವಾದರೆ ಪಕ್ಕಕ್ಕೆ ಹೋಗಿ ವಿಚಾರಿಸಿ. ನಾಲ್ವರು ಹೋದರೆ ನಾಲ್ವರೂ ಬನ್ನಿ.